ಮೂರನೇ ಬೆಲ್ ಹೊಡೆದ ಮೇಲೆ ಪರದೆ ಏಳಲೇಬೇಕು

ಕೊಡಗಿನಲ್ಲಿ ಶನಿವಾರಸಂತೆ ಅಂತ ಒಂದು ಊರಿದೆ. ಅಲ್ಲಿ ಸಂತೆ ಸೇರುವುದು ಶನಿವಾರ. ಅದೇ ಜಿಲ್ಲೆಯಲ್ಲಿ ಸೋಮವಾರಪೇಟೆ ಇದೆ. ಅಲ್ಲಿ ಸಂತೆ ಸೋಮವಾರ. ಊರಿಗೆ ದೇವರ ಹೆಸರು ಬರುವುದು ಹೊಸದಲ್ಲ, ಪಾಳೇಗಾರನ ಹೆಸರು ಬರುವುದೂ ಹೊಸದಲ್ಲ. ಕೆರೆಯ ಹೆಸರು ಬರುವುದಂತೂ ನಮ್ಮ ತಾವರೆಕೆರೆಯವರಿಗೆ ಗೊತ್ತೇ ಇದೆ. ಆದರೆ ಒಂದು ಊರಿಗೆ ವಾರದ ಹೆಸರು ನಿಲ್ಲಬೇಕಾದರೆ ಏನಾಗಿರಬೇಕು ಯೋಚಿಸಿ. ತಲೆಮಾರುಗಳ ಕಾಲ ಆ ವಾರ ತಪ್ಪದೆ ಅಲ್ಲಿ ವ್ಯಾಪಾರ ನಡೆದಿರಬೇಕು. ಮಳೆ ಬಂದರೂ ನಡೆದಿರಬೇಕು, ಬೆಳೆ ಹೋದ ವರ್ಷವೂ ನಡೆದಿರಬೇಕು. ಸುತ್ತಲ ಹಳ್ಳಿಯವರು ಊರನ್ನೂ ವಾರವನ್ನೂ ಬೇರೆ ಮಾಡಿ ನೋಡಲಾಗದಷ್ಟು ಅದು ಮನಸ್ಸಿನಲ್ಲಿ ಕೂತಿರಬೇಕು.

ಈ ಬರಹ ಸಂತೆಯ ಬಗ್ಗೆ ಮಾತ್ರ ಅಲ್ಲ. ಸಣ್ಣ ವ್ಯಾಪಾರ ಮಾಡುವವರು ತಮ್ಮ ಗಿರಾಕಿಗಳಿಗೆ ಹೇಗೆ ಸುದ್ದಿ ಮುಟ್ಟಿಸುತ್ತಿದ್ದರು, ಆ ಸುದ್ದಿಯನ್ನು ಜನ ಯಾಕೆ ನಂಬುತ್ತಿದ್ದರು ಅನ್ನುವುದರ ಬಗ್ಗೆ. ನಮ್ಮ ತಾಲ್ಲೂಕುಗಳಲ್ಲಿ, ಅಂದರೆ ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದ ಕಡೆ, ಈಗ ಅಂಗಡಿ ಇಟ್ಟ ಪ್ರತಿಯೊಬ್ಬರ ಕೈಯಲ್ಲೂ ಫೋನಿದೆ. ಮೊದಲ ತಿಂಗಳು ದಿನಕ್ಕೆ ಐದು ಸ್ಟೇಟಸ್ ಬರುತ್ತವೆ. ಎರಡನೇ ತಿಂಗಳು ವಾರಕ್ಕೊಂದು. ಮೂರನೇ ತಿಂಗಳು ಸುದ್ದಿಯೇ ಇಲ್ಲ. ಅಂಗಡಿ ತೆರೆದಿದೆಯೋ ಮುಚ್ಚಿದೆಯೋ ಗೊತ್ತಾಗದೆ ಗಿರಾಕಿ ಬೇರೆ ಕಡೆ ಹೋಗುತ್ತಾನೆ. ಹಣ ಖರ್ಚಿಲ್ಲದೆ ಸುದ್ದಿ ಕಳಿಸಬಹುದಾದ ಈ ಕಾಲದಲ್ಲಿ ಹೀಗಾಗುತ್ತಿರುವಾಗ, ಒಂದೊಂದು ಸುದ್ದಿಗೂ ಕಾಸು ಬಿಚ್ಚಬೇಕಾಗಿದ್ದ ಕಾಲದವರು ಏನು ಮಾಡಿದರು ಅಂತ ತಿರುಗಿ ನೋಡುವುದು ಒಳ್ಳೆಯದು ಅನ್ನಿಸಿತು.

ಸಂತೆಗೆ ಡಂಗುರ ಬೇಕಿರಲಿಲ್ಲ

ಊರಿನಲ್ಲಿ ಏನಾದರೂ ವಿಶೇಷ ಸುದ್ದಿ ಹೇಳಬೇಕಾದರೆ ಡಂಗುರ ಸಾರಿಸುತ್ತಿದ್ದರು. ಕಂದಾಯ ಕಟ್ಟುವ ದಿನ, ಜಾತ್ರೆಯ ದಿನ, ಕೆರೆ ಕೋಡಿಯ ಕೆಲಸ, ಯಾವುದೇ ಇರಲಿ. ತಮಟೆ ಬಡಿದು, ನಾಲ್ಕು ಜನ ಹೊರಗೆ ಬಂದ ಮೇಲೆ, ಕೂಗಿ ಹೇಳುವುದು. ಆದರೆ ವಾರದ ಸಂತೆ ಇದೆ ಅಂತ ಯಾರೂ ಡಂಗುರ ಸಾರಿಸುತ್ತಿರಲಿಲ್ಲ. ಅದರ ಅಗತ್ಯವೇ ಇರಲಿಲ್ಲ. ತಪ್ಪದೆ ನಡೆಯುವುದೇ ಅದರ ಡಂಗುರ.

ಟಿಪ್ಪು ಸುಲ್ತಾನ್ ಬಿದ್ದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಅನ್ನುವ ಇಂಗ್ಲಿಷ್ ಕಂಪನಿಯ ವೈದ್ಯ ಮೈಸೂರು ಸೀಮೆಯನ್ನು ಸುತ್ತಿದ. ಮಧುಗಿರಿ, ಶಿರಾ, ಗುಬ್ಬಿ ಎಲ್ಲವನ್ನೂ ನೋಡಿ, ಯಾವ ಬೆಳೆ, ಯಾವ ನೇಯ್ಗೆ, ಯಾವ ವ್ಯಾಪಾರ ಅಂತ ವಿವರವಾಗಿ ಬರೆದುಕೊಂಡ. ಅವನ ಪುಸ್ತಕ 1807ರಲ್ಲಿ ಅಚ್ಚಾಯಿತು. ಅದರಲ್ಲಿ ಗುಬ್ಬಿಯ ವಾರದ ಸಂತೆಯ ಮಾತೂ ಬರುತ್ತದೆ. ದೂರದೂರದ ವರ್ತಕರು ಅಲ್ಲಿಗೆ ಬಂದು ಹೋಗುತ್ತಿದ್ದರು. ಅದು ಯುದ್ಧಗಳಿಂದ ನುಗ್ಗಾದ ಸೀಮೆ. ಅಂಥ ಕಡೆಯೂ ಸಂತೆ ಉಳಿದಿತ್ತು ಅನ್ನುವುದನ್ನು ಗಮನಿಸಬೇಕು.

ಸಂತೆಯ ವ್ಯಾಪಾರಿಯ ಲೆಕ್ಕ ಸರಳವಾದದ್ದು. ಬಳೆ ಮಾರುವವರು, ಕಂಬಳಿ ಮಾರುವವರು, ಮಡಕೆ ಮಾರುವವರು ವಾರದ ಒಂದೊಂದು ದಿನ ಒಂದೊಂದು ಊರಿನ ಸಂತೆಗೆ ಹೋಗುತ್ತಿದ್ದರು. ಕೂರುವ ಜಾಗವೂ ಅದೇ. ಹುಣಸೆಮರದ ಕೆಳಗೆ ಕೂರುವವರು ಹುಣಸೆಮರದ ಕೆಳಗೇ ಕೂರಬೇಕು. ಒಂದು ವಾರ ಬರದಿದ್ದರೆ ಆ ವಾರದ ವ್ಯಾಪಾರ ಹೋಗುವುದು ದೊಡ್ಡ ನಷ್ಟವಲ್ಲ. ‘ಆ ಬಳೆಗಾರ ಬರುತ್ತಾನೋ ಇಲ್ಲವೋ’ ಅನ್ನುವ ಅನುಮಾನ ಹುಟ್ಟುವುದೇ ದೊಡ್ಡ ನಷ್ಟ. ಒಮ್ಮೆ ಅನುಮಾನ ಹುಟ್ಟಿದರೆ, ಮುಂದಿನ ವಾರ ಅವನು ಬಂದು ಕೂತಿದ್ದರೂ, ಮದುವೆ ಮನೆಯವರು ಅವನನ್ನು ನೆಚ್ಚಿಕೊಂಡು ಕಾಯುವುದಿಲ್ಲ.

ಕರೆಯದೆ ಜನ ಬರಬೇಕಾದರೆ ಬಹಳ ಕಾಲ ತಪ್ಪದೆ ಇದ್ದಿರಬೇಕು. ಇದು ಸಂತೆ ಕಲಿಸಿದ ಪಾಠ. ಆದರೆ ಊರಿಂದ ಊರಿಗೆ ಡೇರೆ ಹೊತ್ತು ಹೋಗುವವರಿಗೆ ಅಷ್ಟು ಕಾಲ ಎಲ್ಲಿರುತ್ತದೆ? ಅವರು ಇದೇ ನಂಬಿಕೆಯನ್ನು ನಾಲ್ಕು ದಿನದಲ್ಲಿ ಕಟ್ಟಬೇಕಿತ್ತು. ಹಾಗೆ ಕಟ್ಟಿದವರು ಅದೇ ಗುಬ್ಬಿಯಿಂದ ಹೊರಟರು.

ಗುಬ್ಬಿ ಕಂಪನಿಯ ಗಂಟೆ

1884ರಲ್ಲಿ ಗುಬ್ಬಿಯಲ್ಲಿ ಒಂದು ನಾಟಕ ಮಂಡಳಿ ಹುಟ್ಟಿತು. ಚಂದಣ್ಣ, ಅಬ್ದುಲ್ ಅಜೀಜ್ ಸಾಹೇಬರು ಮೊದಲಾದವರು ಸೇರಿ ಕಟ್ಟಿದ್ದು. ಊರಿನ ದೇವರು ಚನ್ನಬಸವೇಶ್ವರನ ಹೆಸರಿಟ್ಟರು. ಈ ಮಂಡಳಿಗೆ ಚಿಕ್ಕ ಹುಡುಗನಾಗಿ ಬಂದು ಸೇರಿದವರು ವೀರಣ್ಣ. 1917ರಲ್ಲಿ ಅವರೇ ಮಾಲೀಕರಾದರು. ಮುಂದೆ ಇಡೀ ಕರ್ನಾಟಕಕ್ಕೆ ಅದು ‘ಗುಬ್ಬಿ ಕಂಪನಿ’ ಆಯಿತು. ತೆಲುಗು ಮತ್ತು ತಮಿಳು ನಾಡಿಗೂ ಹೋಗಿ ಅಲ್ಲಿಯ ಭಾಷೆಗಳಲ್ಲೂ ಆಡಿತು. ‘ಸದಾರಮೆ’ಯಲ್ಲಿ ವೀರಣ್ಣನವರ ಕಳ್ಳನ ಪಾತ್ರ ನೋಡಲೆಂದೇ ಜನ ಬರುತ್ತಿದ್ದರು. ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದರು. ಬಿ. ಜಯಮ್ಮನಂಥ ನಟಿ ಅಲ್ಲಿ ಬೆಳೆದರು. ರಾಜಕುಮಾರರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಅದೇ ಕಂಪನಿಯ ನಟರು. ಬಿ.ವಿ. ಕಾರಂತರು ಹುಡುಗನಾಗಿ ಸೇರಿದ್ದೂ ಅಲ್ಲಿಗೇ.

ನಾವು ಇದನ್ನು ಕಲೆಯ ಚರಿತ್ರೆಯಾಗಿ ಓದಿದ್ದೇವೆ. ವ್ಯಾಪಾರದ ಚರಿತ್ರೆಯಾಗಿಯೂ ಓದಬೇಕು. ನಾಟಕ ಕಂಪನಿ ಅಂದರೆ ಊರಿಂದ ಊರಿಗೆ ಹೋಗುವ ಅಂಗಡಿ. ನಟರು, ಹಾರ್ಮೋನಿಯಂ ಮೇಷ್ಟ್ರು, ತಬಲದವರು, ಪರದೆ ಎಳೆಯುವವರು, ಅಡಿಗೆಯವರು, ಅವರ ಹೆಂಡತಿ ಮಕ್ಕಳು, ಇಷ್ಟೂ ಜನರ ಊಟ ಆ ರಾತ್ರಿಯ ಟಿಕೆಟ್ ಹಣದಿಂದ ಬರಬೇಕು. ಹೊಸ ಊರಿಗೆ ಬಂದು ಕ್ಯಾಂಪ್ ಹಾಕಿದಾಗ ಅಲ್ಲಿಯ ಜನಕ್ಕೆ ಇವರ ಪರಿಚಯವೇ ಇರುವುದಿಲ್ಲ.

ಆಗ ಮಾಡುತ್ತಿದ್ದದ್ದು ಮೂರು ಕೆಲಸ. ಒಂದು, ಬಣ್ಣದ ಕಾಗದದ ಮೇಲೆ ಹ್ಯಾಂಡ್‌ಬಿಲ್ ಅಚ್ಚು ಹಾಕಿಸಿ ಹಂಚುವುದು. ಎರಡು, ಗಾಡಿಯಲ್ಲಿ ವಾದ್ಯದವರನ್ನು ಕೂರಿಸಿ ಬೀದಿ ಬೀದಿ ಸುತ್ತುವುದು. ಮೂರು, ಆಟದ ಹೊತ್ತಿಗೆ ಬೆಲ್ ಹೊಡೆಯುವುದು.

ಮೊದಲ ಎರಡನ್ನು ಕಾಸಿದ್ದವರು ಯಾರಾದರೂ ಮಾಡಬಹುದು. ಮೂರನೆಯದೇ ಕಂಪನಿಯ ಮರ್ಯಾದೆ. ಮೊದಲನೇ ಬೆಲ್ ಅಂದರೆ ತಯಾರಾಗಿ ಅಂತ. ಎರಡನೇ ಬೆಲ್ ಅಂದರೆ ಬಂದು ಕೂರಿ ಅಂತ. ಮೂರನೇ ಬೆಲ್ ಹೊಡೆದರೆ ಪರದೆ ಏಳಲೇಬೇಕು. ಒಳಗೆ ಬಣ್ಣ ಹಚ್ಚುತ್ತಿರುವ ನಟನಿಗೂ ಹೊರಗೆ ಕಡಲೆಕಾಯಿ ಕೊಳ್ಳುತ್ತಿರುವ ಪ್ರೇಕ್ಷಕನಿಗೂ ಅದೇ ಗಂಟೆ. ಮೂರನೇ ಬೆಲ್ ಹೊಡೆದೂ ಪರದೆ ಏಳದಿದ್ದರೆ ಶಿಳ್ಳೆ, ಗಲಾಟೆ. ಅದಕ್ಕಿಂತ ಕೆಟ್ಟದ್ದು ಮಾರನೆಯ ದಿನ ನಡೆಯುತ್ತಿತ್ತು. ‘ಇವರ ಬೆಲ್ ಹೊಡೆದ ಅರ್ಧ ಗಂಟೆಗೆ ಹೋದರೆ ಸಾಕು’ ಅಂತ ಜನ ನಿಧಾನವಾಗಿ ಬರಲು ಶುರು ಮಾಡುತ್ತಿದ್ದರು. ಅಂದರೆ ಗಂಟೆಯ ಮಾತಿಗೆ ಬೆಲೆ ಹೋಯಿತು.

ಬೆಲೆ ಹೋಗುವ ಇನ್ನೊಂದು ದಾರಿಯೂ ಇತ್ತು. ‘ಇಂದೇ ಕೊನೆಯ ಆಟ’ ಅಂತ ಹ್ಯಾಂಡ್‌ಬಿಲ್ ಹಂಚುವುದು, ಜನ ತುಂಬಿದ ಕೂಡಲೆ ‘ಜನರ ಒತ್ತಾಯದ ಮೇರೆಗೆ ಇನ್ನೂ ಮೂರು ದಿನ’ ಅನ್ನುವುದು. ನಾಟಕ ಕಂಪನಿಗಳು, ಆಮೇಲೆ ಸಿನಿಮಾದವರು, ಸರ್ಕಸ್ಸಿನವರು ಎಲ್ಲರೂ ಮಾಡಿದ ಉಪಾಯ ಇದು. ಮೊದಲ ಸಲ ಕೆಲಸ ಮಾಡುತ್ತದೆ. ಎರಡನೇ ಸಲವೂ ಸ್ವಲ್ಪ ಮಾಡುತ್ತದೆ. ಮೂರನೇ ಸಲ ನಿಜವಾಗಿ ಕೊನೆಯ ಆಟವೇ ಇದ್ದರೂ ಜನ ನಗುತ್ತಾರೆ. ಕೂಗು ಜಾಸ್ತಿ ಆದಷ್ಟೂ ಮಾತು ಸವೆಯುತ್ತದೆ.

ಈ ಅಭ್ಯಾಸದ ಗುರುತು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ನಮ್ಮ ತುಮಕೂರು ಜಿಲ್ಲೆಯಲ್ಲಿ ಊರ ಹಬ್ಬಕ್ಕೆ, ಜಾತ್ರೆಗೆ ಊರಿನವರೇ ‘ಕುರುಕ್ಷೇತ್ರ’ ಆಡುತ್ತಾರಲ್ಲ, ಅದಕ್ಕೆ ಅಚ್ಚು ಹಾಕಿಸುವ ಕರಪತ್ರ ನೋಡಿ. ತಾರೀಕು, ಹೊತ್ತು, ಜಾಗ, ಹಾರ್ಮೋನಿಯಂ ಮೇಷ್ಟ್ರ ಹೆಸರು, ಯಾವ ಪಾತ್ರ ಯಾರು ಮಾಡುತ್ತಾರೆ, ಎಲ್ಲ ಇರುತ್ತದೆ. ಕಂಪನಿಗಳು ಹಾಕಿಕೊಟ್ಟ ದಾರಿ ಅದು. ಅಲಂಕಾರ ಎಷ್ಟೇ ಇರಲಿ, ಓದಿದವನಿಗೆ ‘ಯಾವಾಗ, ಎಲ್ಲಿ, ಏನು, ಯಾರು’ ಅನ್ನುವ ನಾಲ್ಕಕ್ಕೂ ಉತ್ತರ ಸಿಗುತ್ತದೆ.

ಟೆಂಟಿನ ಹಾಡು

ನಾಟಕದ ಡೇರೆಯ ಪಕ್ಕಕ್ಕೇ ಸಿನಿಮಾದ ಡೇರೆ ಬಂತು. ದಕ್ಷಿಣ ಭಾರತದಲ್ಲಿ ಈ ಕೆಲಸ ಶುರು ಮಾಡಿದವರಲ್ಲಿ ಒಬ್ಬರು ಸಾಮಿಕಣ್ಣು ವಿನ್ಸೆಂಟ್. ತಿರುಚಿಯಲ್ಲಿ ರೈಲ್ವೆ ನೌಕರ. 1905ರಲ್ಲಿ ಡ್ಯೂಪಾಂಟ್ ಅನ್ನುವ ಫ್ರೆಂಚರವನಿಂದ ಪ್ರೊಜೆಕ್ಟರನ್ನೂ ಕೆಲವು ಮೂಕಿ ಚಿತ್ರಗಳನ್ನೂ ಕೊಂಡು, ಊರೂರಿಗೆ ಟೆಂಟು ಹೊತ್ತು ತೋರಿಸುತ್ತಾ ಹೋದರು. ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’ ಬಂದದ್ದು 1934ರ ಮಾರ್ಚ್ 3ರಂದು. ವೀರಣ್ಣನವರೂ ಸಿನಿಮಾಕ್ಕೆ ಬಂದರು. ರಾಜಕುಮಾರ್ ನಾಯಕರಾದ ‘ಬೇಡರ ಕಣ್ಣಪ್ಪ’ 1954ರಲ್ಲಿ ತೆರೆಗೆ ಬಂದಾಗ ಅದರ ನಿರ್ಮಾಣದಲ್ಲಿ ಗುಬ್ಬಿಯವರ ಕೈಯಿತ್ತು. ಅದಾದ ಮೇಲೆ ಮೂರು ನಾಲ್ಕು ದಶಕ ಟೂರಿಂಗ್ ಟಾಕೀಸಿನ ಕಾಲ.

ಟೆಂಟಿನ ಮಾಲೀಕ ದೊಡ್ಡ ಸಾಹುಕಾರನೇ ಆಗಿರಬೇಕಿರಲಿಲ್ಲ. ಒಂದು ಡೇರೆ, ಒಂದು ಪ್ರೊಜೆಕ್ಟರ್, ಒಂದು ಜನರೇಟರ್, ನಾಲ್ಕೈದು ಜನ ಕೆಲಸದವರು. ಲೈಸೆನ್ಸ್ ಕೂಡ ತಾತ್ಕಾಲಿಕ. ಅವಧಿ ಮುಗಿದರೆ ಮತ್ತೆ ಕಚೇರಿ ಸುತ್ತಬೇಕು. ನೆಲ, ಬೆಂಚು, ಕುರ್ಚಿ ಅಂತ ಮೂರು ದರ್ಜೆ. ನೆಲದವರು ಮರಳು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕೂರುತ್ತಿದ್ದರು. ಪ್ರೊಜೆಕ್ಟರ್ ಒಂದೇ ಆದ್ದರಿಂದ ರೀಲು ಬದಲಾಯಿಸುವಾಗ ಆಟ ನಿಲ್ಲುತ್ತಿತ್ತು. ಸಾವಿರ ಅಡಿಯ ಒಂದು ರೀಲು ಓಡುವುದು ಸುಮಾರು 11 ನಿಮಿಷ. ಡೇರೆಯೊಳಗೆ ಬೆಳಕು ಬರುವುದರಿಂದ ಹಗಲು ಆಟ ಆಗದು. ಕತ್ತಲಾದ ಮೇಲೆ ಮೊದಲನೇ ಆಟ, ಅದು ಮುಗಿದ ಮೇಲೆ ಎರಡನೇ ಆಟ.

ಈಗ ಗಿರಾಕಿಯ ಕಡೆಯಿಂದ ನೋಡಿ. ಅವನು ಎರಡು ಮೂರು ಮೈಲಿ ಆಚೆಯ ಹಳ್ಳಿಯಲ್ಲಿದ್ದಾನೆ. ಕೈಯಲ್ಲಿ ಗಡಿಯಾರ ಇಲ್ಲ. ಕಡಲೆಕಾಯಿ ಬಿಡಿಸಿ, ದನ ಕಟ್ಟಿ, ರಾಗಿ ಮುದ್ದೆ ಉಂಡು ಹೆಂಡತಿ ಮಕ್ಕಳನ್ನು ಕರೆದುಕೊಂಡು ನಡೆದು ಬರಬೇಕು. ಆಟ ಇದೆಯೋ ಇಲ್ಲವೋ ಗೊತ್ತಾಗದೆ ಹೊರಟರೆ ಕತ್ತಲಲ್ಲಿ ಹೋಗಿ ಬರುವುದು ದಂಡ.

ಇದಕ್ಕೆ ಟೆಂಟಿನವರು ಕಂಡುಕೊಂಡ ಉತ್ತರ ಹಾಡು. ಟಿಕೆಟ್ ಕೊಡುವ ಮೊದಲೇ ಮೈಕಿನಲ್ಲಿ ರೆಕಾರ್ಡ್ ಹಾಕುತ್ತಿದ್ದರು. ಮೊದಲು ದೇವರ ಹಾಡು, ಆಮೇಲೆ ಸಿನಿಮಾ ಹಾಡುಗಳು, ಇನ್ನೇನು ಆಟ ಶುರು ಅನ್ನುವಾಗ ಒಂದು ಗೊತ್ತಾದ ಹಾಡು. ಕರ್ನಾಟಕದ ಎಷ್ಟೋ ಟೆಂಟುಗಳಲ್ಲಿ ಆ ಹಾಡು ಘಂಟಸಾಲ ಅವರ ‘ನಮೋ ವೆಂಕಟೇಶ’. ಅದು ತೆಲುಗು ಹಾಡು. ಪಾವಗಡದಂಥ, ಮೂರು ಕಡೆ ಆಂಧ್ರ ಸುತ್ತುವರಿದ ತಾಲ್ಲೂಕಿಗೆ ತೆಲುಗು ಹೊಸದಲ್ಲ. ಆದರೆ ತೆಲುಗು ಬಾರದ ಊರುಗಳಲ್ಲೂ ಅದೇ ಹಾಡು ನಡೆಯಿತು. ಜನಕ್ಕೆ ಬೇಕಾಗಿದ್ದದ್ದು ಹಾಡಿನ ಅರ್ಥವಲ್ಲ, ಅದು ಕೊಡುವ ಗುರುತು. ‘ವೆಂಕಟೇಶ ಹಾಕಿದ್ರು, ಬೇಗ ನಡೀರಿ’ ಅನ್ನುವ ಮಾತನ್ನು ಈಗ ಅರವತ್ತು ದಾಟಿದ ಯಾರನ್ನು ಕೇಳಿದರೂ ಹೇಳುತ್ತಾರೆ.

ಇದರ ಜಾಣತನ ನೋಡಿ. ಒಂದು ರೆಕಾರ್ಡು ಒಂದು ಸಲ ಕೊಂಡರೆ ಆಯಿತು. ಪ್ರತಿ ದಿನ ಹೊಸ ಮಾತು ಹುಡುಕಬೇಕಿಲ್ಲ. ಸಿನಿಮಾ ಬದಲಾಗುತ್ತದೆ, ಹಾಡು ಬದಲಾಗುವುದಿಲ್ಲ. ಮೊದಲ ಹಾಡು ಕೇಳಿದರೆ ಇವತ್ತು ಆಟ ಇದೆ ಅಂತ ತಿಳಿಯಿತು. ಸಿನಿಮಾ ಹಾಡು ಕೇಳಿದರೆ ಊಟ ಮಾಡುವಷ್ಟು ಹೊತ್ತಿದೆ. ಕೊನೆಯ ಹಾಡು ಕೇಳಿದರೆ ಹೆಜ್ಜೆ ಜೋರು ಮಾಡಬೇಕು. ಒಂದು ಮಾತೂ ಆಡದೆ ಮೂರು ಸುದ್ದಿ ಮುಟ್ಟಿದವು. ಹಾಡೇ ಕೇಳದಿದ್ದರೆ ಇವತ್ತು ಆಟ ಇಲ್ಲ ಅಂತ ಅದೂ ಒಂದು ಸುದ್ದಿಯೇ.

ಹಗಲಿನಲ್ಲಿ ಇನ್ನೊಂದು ಕೆಲಸ ನಡೆಯುತ್ತಿತ್ತು. ಎತ್ತಿನ ಗಾಡಿಗೋ ಜಟಕಾಗೋ ಎರಡೂ ಪಕ್ಕ ಪೋಸ್ಟರ್ ಕಟ್ಟಿ, ಮೈಕಿನಲ್ಲಿ ಕೂಗುತ್ತಾ ಸುತ್ತಲ ಹಳ್ಳಿಗಳಿಗೆ ಹೋಗುವುದು. ಹುಡುಗರು ಪಾಂಪ್ಲೆಟ್‌ಗಾಗಿ ಗಾಡಿಯ ಹಿಂದೆ ಓಡುವುದು. ಹೊಸ ಚಿತ್ರ ಬಂದಾಗ ಗಾಡಿ, ಆಟವಿರುವ ಪ್ರತಿ ರಾತ್ರಿ ಹಾಡು. ಗಾಡಿ ಹೊಸ ಸುದ್ದಿ ಹೇಳುತ್ತಿತ್ತು, ಹಾಡು ಹಳೆಯ ಮಾತನ್ನು ಕಾಪಾಡುತ್ತಿತ್ತು. ಎರಡೂ ಬೇಕಿತ್ತು. ಆದರೆ ಗಾಡಿ ಒಂದು ವಾರ ಹೋಗದಿದ್ದರೆ ನಡೆಯುತ್ತಿತ್ತು. ಆಟ ಇದ್ದೂ ಹಾಡು ಹಾಕದಿದ್ದರೆ ನಡೆಯುತ್ತಿರಲಿಲ್ಲ.

ಟೆಂಟಿನವರಿಗೆ ಕಷ್ಟದ ದಿನಗಳು ಕಡಿಮೆ ಇರಲಿಲ್ಲ. ಸಿನಿಮಾದ ರೀಲು ತುಂಬಿದ ಪೆಟ್ಟಿಗೆ ಬೇರೆ ಊರಿಂದ ಬಸ್ಸಿನಲ್ಲೋ ರೈಲಿನಲ್ಲೋ ಬರಬೇಕು. ಪೆಟ್ಟಿಗೆ ಬಾರದ ದಿನವೂ ಇರುತ್ತಿತ್ತು. ಜನರೇಟರ್ ಕೆಡುತ್ತಿತ್ತು. ಗಾಳಿ ಮಳೆಗೆ ಡೇರೆ ಹಾರುತ್ತಿತ್ತು. ಅಂಥ ದಿನ ಮಾಲೀಕನ ಮುಂದೆ ಎರಡು ದಾರಿ. ‘ಪೆಟ್ಟಿಗೆ ಬಂದಿಲ್ಲ, ಇವತ್ತು ಹಳೇ ಚಿತ್ರ, ಬೇಕಾದವರು ಬನ್ನಿ’ ಅಂತ ಮೈಕಿನಲ್ಲೇ ಹೇಳುವುದು ಒಂದು. ಟಿಕೆಟ್ ಕೊಟ್ಟು ಒಳಗೆ ಕೂರಿಸಿ ಬೇರೆ ಚಿತ್ರ ಹಾಕುವುದು ಇನ್ನೊಂದು. ಮೊದಲನೆಯ ದಾರಿಯಲ್ಲಿ ಆ ರಾತ್ರಿಯ ಹಣ ಹೋಗುತ್ತದೆ. ಎರಡನೆಯದರಲ್ಲಿ ಹಾಡಿನ ಬೆಲೆಯೇ ಹೋಗುತ್ತದೆ. ಕೆಟ್ಟ ಸುದ್ದಿಯನ್ನೂ ಅದೇ ಮೈಕಿನಲ್ಲಿ, ಅದೇ ಹೊತ್ತಿಗೆ ಹೇಳುವವನ ಮಾತನ್ನು ಮಾತ್ರ ಒಳ್ಳೆ ಸುದ್ದಿ ಹೇಳಿದಾಗಲೂ ನಂಬಬಹುದು.

ಭಾನುವಾರ ಬೆಳಗ್ಗೆ 9.30

ಇಷ್ಟೆಲ್ಲ ಇದ್ದೂ ಟೆಂಟುಗಳು ಉಳಿಯಲಿಲ್ಲ. ಇದನ್ನು ಮುಚ್ಚಿಟ್ಟು ಬರೆದರೆ ಚರಿತ್ರೆಯಾಗುವುದಿಲ್ಲ, ಬರೀ ಉಪದೇಶವಾಗುತ್ತದೆ.

1982ರಲ್ಲಿ ದೂರದರ್ಶನಕ್ಕೆ ಬಣ್ಣ ಬಂತು. ಮುಂದಿನ ಎರಡು ಮೂರು ವರ್ಷಗಳಲ್ಲಿ ದೇಶದ ತುಂಬ ಸಣ್ಣ ಸಣ್ಣ ಮರುಪ್ರಸಾರ ಕೇಂದ್ರಗಳು ಎದ್ದವು. 1987ರ ಜನವರಿ 25ರಂದು ರಮಾನಂದ ಸಾಗರರ ‘ರಾಮಾಯಣ’ ಶುರುವಾಯಿತು. ಪ್ರತಿ ಭಾನುವಾರ ಬೆಳಗ್ಗೆ 9.30ಕ್ಕೆ. 1988ರ ಜುಲೈ 31ರವರೆಗೆ 78 ಕಂತು. ಅದು ಹಿಂದಿಯಲ್ಲಿತ್ತು. ನಮ್ಮ ಹಳ್ಳಿಗಳಲ್ಲಿ ಹಿಂದಿ ಬರುವವರು ಎಷ್ಟು ಜನ? ಆದರೂ ಟಿ.ವಿ. ಇದ್ದ ಒಂದು ಮನೆಯ ಮುಂದೆ ಊರೇ ಸೇರುತ್ತಿತ್ತು. ಆ ಹೊತ್ತಿಗೆ ಬೀದಿ ಖಾಲಿ. ಅದರ ಹಿಂದೆಯೇ 1988ರ ಅಕ್ಟೋಬರಿನಲ್ಲಿ ‘ಮಹಾಭಾರತ’ ಬಂತು. ಅದೂ ಭಾನುವಾರ ಬೆಳಗ್ಗೆಯೇ.

ಟೆಂಟು ಸೋತದ್ದಕ್ಕೆ ಕಾರಣ ಒಂದೇ ಅಲ್ಲ. ಪಟ್ಟಣಗಳಲ್ಲಿ ಗಟ್ಟಿ ಥಿಯೇಟರುಗಳು ಬಂದವು, ಅಲ್ಲಿಗೆ ಹೋಗಲು ಬಸ್ಸು ಬಂತು, ವಿ.ಸಿ.ಆರ್. ಬಂತು. ಆದರೂ ಒಂದು ಮಾತು ಗಮನಿಸಬೇಕು. ಟೆಂಟಿನವರು ದಶಕಗಳ ಕಾಲ ಜನರಲ್ಲಿ ಕಟ್ಟಿದ ಅಭ್ಯಾಸವನ್ನೇ ದೂರದರ್ಶನ ತನ್ನದಾಗಿ ಮಾಡಿಕೊಂಡಿತು. ಗೊತ್ತಾದ ವಾರ, ಗೊತ್ತಾದ ಹೊತ್ತು, ಶುರುವಿನಲ್ಲಿ ಗೊತ್ತಾದ ಒಂದು ಹಾಡು. ಟೆಂಟಿಗೆ ಜನ ನಡೆದು ಬರಬೇಕಿತ್ತು. ಇದು ಮನೆಗೇ ಬಂತು.

ಹಾಗಾದರೆ ತಪ್ಪದೆ ಮಾತಾಡುವುದರಿಂದ ವ್ಯಾಪಾರ ಉಳಿಯುತ್ತದೆ ಅನ್ನುವುದು ಸುಳ್ಳೇ? ಪೂರ್ತಿ ನಿಜವೂ ಅಲ್ಲ, ಪೂರ್ತಿ ಸುಳ್ಳೂ ಅಲ್ಲ. ಕಾಲವೇ ತಿರುಗಿದಾಗ ಯಾವ ಹಾಡೂ ಡೇರೆಯನ್ನು ಕಾಯುವುದಿಲ್ಲ. ಆದರೆ ಕಾಲ ತಿರುಗುವವರೆಗಿನ ಮೂವತ್ತು ನಲವತ್ತು ವರ್ಷ, ಪಕ್ಕದ ಊರಿನ ಟೆಂಟಿಗಿಂತ ನಮ್ಮ ಟೆಂಟಿಗೆ ಜನ ಯಾಕೆ ಬರಬೇಕು ಅನ್ನುವ ಪ್ರಶ್ನೆಗೆ ಉತ್ತರ ಕೊಟ್ಟದ್ದು ಅದೇ. ಒಂದು ಸಣ್ಣ ವ್ಯಾಪಾರ ಒಂದು ಸಂಸಾರವನ್ನು ಮೂವತ್ತು ವರ್ಷ ಸಾಕಿದರೆ ಅದು ಸಣ್ಣ ಮಾತಲ್ಲ.

ಕಾಣದ ಗಿರಾಕಿ

ಡೇರೆಯವರಿಗೆ ಒಂದು ಅನುಕೂಲವಿತ್ತು. ಗಿರಾಕಿ ಕಣ್ಣಿಗೆ ಕಾಣುತ್ತಿದ್ದ. ಇವತ್ತು ಫೋನಿನಲ್ಲಿ ವ್ಯಾಪಾರ ಮಾಡುವವರಿಗೆ ಗಿರಾಕಿ ಕಾಣುವುದಿಲ್ಲ. ಹಾಗಾಗಿ ಕಾಣದ ಗಿರಾಕಿಯನ್ನು ಹಿಡಿದಿಟ್ಟುಕೊಂಡ ಕನ್ನಡದ ಇನ್ನೊಂದು ಸಣ್ಣ ವ್ಯಾಪಾರವನ್ನೂ ನೋಡಬೇಕು. ಅದು ಪುಸ್ತಕದ್ದು.

ಕಳೆದ ಶತಮಾನದ ಶುರುವಿನಲ್ಲಿ ಗಳಗನಾಥರು ಅಂತ ಒಬ್ಬ ಕಾದಂಬರಿಕಾರರಿದ್ದರು. ನಿಜ ಹೆಸರು ವೆಂಕಟೇಶ ತಿರಕೊ ಕುಲಕರ್ಣಿ. ಈಗಿನ ಹಾವೇರಿ ಜಿಲ್ಲೆಯವರು. ಕಾದಂಬರಿ ಬರೆದರು, ಅಚ್ಚು ಹಾಕಿಸಿದರು, ಗಂಟು ಕಟ್ಟಿ ಹೊತ್ತುಕೊಂಡು ಊರೂರು ನಡೆದು ಮಾರಿದರು. ಅಷ್ಟೇ ಆಗಿದ್ದರೆ ಅದು ಸಂತೆಯವರ ದಾರಿಯೇ. ಅವರು ಅಗಡಿಯಿಂದ ಹೊರಡುತ್ತಿದ್ದ ‘ಸದ್ಬೋಧ ಚಂದ್ರಿಕೆ’ ಅನ್ನುವ ಮಾಸಪತ್ರಿಕೆಯನ್ನೂ ನಡೆಸಿದರು. ಗಂಟು ಹೊತ್ತು ಒಂದು ಊರಿಗೆ ವರ್ಷಕ್ಕೊಮ್ಮೆ ಹೋಗಬಹುದು. ಪತ್ರಿಕೆ ತಿಂಗಳು ತಿಂಗಳು ಹೋಗುತ್ತದೆ. ಓದುವ ಅಭ್ಯಾಸವೇ ಇಲ್ಲದ ಕಾಲದಲ್ಲಿ ಓದುವವರನ್ನು ಹುಟ್ಟಿಸಿದ್ದು ಈ ಎರಡು ಕೆಲಸ ಸೇರಿ.

ಆಮೇಲೆ 1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿ ಅವರು ‘ಮನೋಹರ ಗ್ರಂಥಮಾಲೆ’ ಶುರು ಮಾಡಿದರು. ‘ಜಡಭರತ’ ಅನ್ನುವ ಹೆಸರಿನಲ್ಲಿ ನಾಟಕ ಬರೆದವರೂ ಇವರೇ. ಪದ್ಧತಿ ಸರಳ. ಓದುಗರು ಚಂದಾ ಕೊಟ್ಟು ಸದಸ್ಯರಾಗಬೇಕು, ಮಾಲೆಯವರು ವರ್ಷ ವರ್ಷ ಪುಸ್ತಕ ಕಳಿಸಬೇಕು. ಯೋಚಿಸಿ ನೋಡಿ: ಇನ್ನೂ ಅಚ್ಚಾಗದ, ಕೆಲವೊಮ್ಮೆ ಇನ್ನೂ ಬರೆದೇ ಇಲ್ಲದ ಪುಸ್ತಕಕ್ಕೆ, ಮುಖ ನೋಡದ ಒಬ್ಬರಿಗೆ, ಮುಂಚೆಯೇ ಹಣ ಕೊಡುವುದು. ಒಂದು ವರ್ಷ ಪುಸ್ತಕ ಬಾರದಿದ್ದರೆ ಮುಂದಿನ ವರ್ಷ ಯಾರು ಕೊಡುತ್ತಾರೆ? ಇಲ್ಲಿ ಮಾರುತ್ತಿದ್ದದ್ದು ಪುಸ್ತಕವನ್ನು ಮಾತ್ರವಲ್ಲ, ‘ಬರುತ್ತದೆ’ ಅನ್ನುವ ಭರವಸೆಯನ್ನು.

ಧಾರವಾಡದ ಸುಭಾಸ ರಸ್ತೆಯ ಒಂದು ಅಟ್ಟದ ಮೇಲೆ ಅವರ ಆಫೀಸು. ಬೇಂದ್ರೆ ಅಲ್ಲಿಗೆ ಬರುತ್ತಿದ್ದರು. ಕೀರ್ತಿನಾಥ ಕುರ್ತಕೋಟಿ ಸಲಹೆಗಾರರಾಗಿ ನಿಂತರು. ಗಿರೀಶ ಕಾರ್ನಾಡರ ಮೊದಲ ನಾಟಕ ‘ಯಯಾತಿ’ 1961ರಲ್ಲಿ ಬಂದದ್ದು ಈ ಮಾಲೆಯಲ್ಲೇ. ಆಗ ಕಾರ್ನಾಡರ ಹೆಸರು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದವರ ಪುಸ್ತಕವನ್ನು ಜನ ಓದಿದ್ದು ಮಾಲೆಯ ಮೇಲಿದ್ದ ನಂಬಿಕೆಯಿಂದ. ವರ್ಷಗಟ್ಟಲೆ ತಪ್ಪದೆ ಮಾತು ನಡೆಸಿದವನಿಗೆ ಸಿಗುವ ದೊಡ್ಡ ಲಾಭ ಇದು. ಅವನು ಹೊಸ ಸರಕು ತಂದಾಗ ಗಿರಾಕಿ ಹೆದರುವುದಿಲ್ಲ. ಜೋಶಿಯವರು ತೀರಿಕೊಂಡದ್ದು 1993ರಲ್ಲಿ. ಆ ಮೇಲೂ ಮನೆಯವರು ಮಾಲೆಯನ್ನು ನಡೆಸಿಕೊಂಡು ಬಂದರು.

ಈಗ ಕೈಯಲ್ಲಿರುವ ಗಂಟೆ

ಸಂತೆಯ ವಾರ, ಕಂಪನಿಯ ಬೆಲ್, ಟೆಂಟಿನ ಹಾಡು, ಮಾಲೆಯ ಅಂಚೆ. ಇವುಗಳಲ್ಲಿ ಯಾವುದೂ ಜೋರು ದನಿಯ ಕಾರಣಕ್ಕೆ ನಡೆದದ್ದಲ್ಲ. ಪ್ರತಿಯೊಂದೂ ಆ ವ್ಯಾಪಾರಿ ಹೊರಬಲ್ಲಷ್ಟೇ ಭಾರದ್ದು. ಬೆಲ್ ಹೊಡೆಯಲು ಒಬ್ಬ ಹುಡುಗ ಸಾಕು. ರೆಕಾರ್ಡ್ ಹಾಕಲು ಟಿಕೆಟ್ ಕೊಡುವವನೇ ಸಾಕು. ಮಾಲೆಯವರು ಕಳಿಸಬಲ್ಲಷ್ಟೇ ಪುಸ್ತಕಕ್ಕೆ ಒಪ್ಪಿಕೊಂಡರು. ದಿನಾ ಮಾಡಲಾಗುವಷ್ಟು ಸಣ್ಣದಾಗಿದ್ದರಿಂದಲೇ ಅವು ದಿನಾ ನಡೆದವು.

ನಮ್ಮ ಕಡೆಯ ಅಂಗಡಿಗಳ ಸ್ಟೇಟಸ್ ನಿಂತುಹೋಗುವುದು ಹೆಚ್ಚಾಗಿ ಸೋಮಾರಿತನದಿಂದಲ್ಲ. ಶುರುವಿನಲ್ಲೇ ಹೊರಲಾರದ ಭಾರ ಹೊತ್ತದ್ದರಿಂದ. ಬೆಳಗ್ಗೆ ಶುಭೋದಯದ ಹೂವು, ಮಧ್ಯಾಹ್ನ ಆಫರ್, ಸಂಜೆ ವಿಡಿಯೊ. ಕಡಲೆಕಾಯಿ ಕೀಳುವ ಕಾಲ ಬಂತು, ಇಲ್ಲ ಮನೆಯಲ್ಲಿ ಮಗುವಿಗೆ ಜ್ವರ ಬಂತು ಅಂದರೆ ಎಲ್ಲವೂ ಒಟ್ಟಿಗೆ ನಿಲ್ಲುತ್ತದೆ. ಅದರ ಬದಲು ವಾರಕ್ಕೆ ಒಂದೇ ಸುದ್ದಿ, ಅದೇ ವಾರ, ಅದೇ ಹೊತ್ತಿಗೆ ಅಂದುಕೊಂಡರೆ ಜ್ವರದ ನಡುವೆಯೂ ಕಳಿಸಬಹುದು. ಭಾನುವಾರ ಕುರಿ ಮಾಂಸ ಮಾರುವವರು ಶನಿವಾರ ಸಂಜೆ 6ಕ್ಕೆ ‘ನಾಳೆ ಇದೆ, ಕಿಲೋಗೆ ಇಷ್ಟು’ ಅಂದರೆ ಸಾಕು. ಸಸಿ ಮಾರುವ ನರ್ಸರಿಯವರು ಸಂತೆಯ ಹಿಂದಿನ ದಿನ ‘ಟೊಮೆಟೊ ಸಸಿ ಇದೆ, ಬದನೆ ಮುಗಿದಿದೆ’ ಅಂದರೆ ಸಾಕು. ಬಟ್ಟೆ ಹೊಲಿಯುವವರು ಹಬ್ಬಕ್ಕೆ ಹದಿನೈದು ದಿನ ಮುಂಚೆ ‘ಇಂಥ ತಾರೀಕಿನ ಮೇಲೆ ಬಟ್ಟೆ ತೆಗೆದುಕೊಳ್ಳುವುದಿಲ್ಲ’ ಅಂತ ಹೇಳಿ, ಆ ತಾರೀಕಿನ ಮೇಲೆ ನಿಜವಾಗಿಯೂ ತೆಗೆದುಕೊಳ್ಳದಿದ್ದರೆ, ಮುಂದಿನ ವರ್ಷ ಎಲ್ಲರೂ ಮುಂಚೆಯೇ ತರುತ್ತಾರೆ.

‘ಬದನೆ ಮುಗಿದಿದೆ’ ಅನ್ನುವ ಮಾತು ಸಣ್ಣದೆನಿಸಬಹುದು. ಆದರೆ ಇಡೀ ಸುದ್ದಿಯಲ್ಲಿ ಹೆಚ್ಚು ಬೆಲೆಯದು ಅದೇ. ಇಲ್ಲದ್ದನ್ನು ಇಲ್ಲ ಅಂತ ಹೇಳಿದವರು ಇದೆ ಅಂದಾಗ ಜನ ಗಾಡಿ ತೆಗೆದುಕೊಂಡು ಹೊರಡುತ್ತಾರೆ. ಅಂಗಡಿ ಮುಚ್ಚುವ ದಿನ ಮುಚ್ಚಿದೆ ಅಂತ ಹಿಂದಿನ ರಾತ್ರಿಯೇ ಹೇಳುವುದೂ ಇದೇ ಲೆಕ್ಕ. ಹತ್ತು ಕಿಲೋಮೀಟರ್ ಬಂದು ಮುಚ್ಚಿದ ಬಾಗಿಲು ನೋಡಿ ಹೋದವರು ಮತ್ತೆ ಬರಲು ಬಹಳ ದಿನ ಬೇಕು.

ಒಂದು ಗುರುತೂ ಬೇಕು. ಟೆಂಟಿಗೆ ಹಾಡಿದ್ದ ಹಾಗೆ. ಅದೇ ಫೋಟೊ, ಅದೇ ಬಣ್ಣದ ಅಕ್ಷರ, ಮೊದಲ ಸಾಲಿನಲ್ಲಿ ಅದೇ ಮಾತು. ಬೇಸರ ಬಂತು ಅಂತ ಬದಲಾಯಿಸಬೇಕು ಅನ್ನಿಸುತ್ತದೆ. ಬೇಸರ ಬರುವುದು ದಿನಾ ಕಳಿಸುವ ನಿಮಗೆ. ನೂರು ಸುದ್ದಿಗಳ ನಡುವೆ ಹುಡುಕುವ ಗಿರಾಕಿಗೆ ಅದು ಗುರುತು. ‘ನಮೋ ವೆಂಕಟೇಶ’ವನ್ನು ಸಾವಿರ ಸಲ ಕೇಳಿ ಟೆಂಟಿನ ಮಾಲೀಕನಿಗೆ ಎಷ್ಟು ಬೇಸರ ಬಂದಿರಬೇಕು! ಅವನು ಬದಲಾಯಿಸಲಿಲ್ಲ. ಅದಕ್ಕೇ ದೂರದ ಹಳ್ಳಿಯವರಿಗೆ ಹೆಜ್ಜೆ ಯಾವಾಗ ಜೋರು ಮಾಡಬೇಕು ಅಂತ ತಿಳಿಯುತ್ತಿತ್ತು.

ಪೇಟೆಯ ದೊಡ್ಡ ಕಂಪನಿಗಳ ಹತ್ತಿರ ನಮಗಿಂತ ಜೋರಾದ ಮೈಕಿದೆ. ದುಡ್ಡು ಕೊಟ್ಟು ಪ್ರತಿ ಫೋನಿನಲ್ಲೂ ಕೂಗಬಲ್ಲರು. ಆ ಜಿದ್ದಿನಲ್ಲಿ ಶಿರಾದ ಒಂದು ಸಣ್ಣ ಅಂಗಡಿ ಗೆಲ್ಲಲಾರದು, ಗೆಲ್ಲಬೇಕಾಗಿಯೂ ಇಲ್ಲ. ಶನಿವಾರ ಸಂಜೆ ಆರಕ್ಕೆ ಸುದ್ದಿ ಬರುತ್ತದೆ, ಬಂದ ಸುದ್ದಿ ನಿಜವಿರುತ್ತದೆ ಅಂತ ಇನ್ನೂರು ಮನೆಯವರಿಗೆ ಗೊತ್ತಿದ್ದರೆ ಸಾಕು. ಒಂದು ಶನಿವಾರ ಸುದ್ದಿ ಬಾರದಿದ್ದರೆ ಅವರಲ್ಲಿ ಯಾರಾದರೂ ಫೋನ್ ಮಾಡಿ ‘ಯಾಕಣ್ಣ, ಹುಷಾರಿಲ್ವಾ?’ ಅಂತ ಕೇಳುತ್ತಾರೆ. ಆ ಪ್ರಶ್ನೆ ಬಂದ ದಿನ ನಿಮ್ಮ ವ್ಯಾಪಾರ ಬೇರು ಬಿಟ್ಟಿದೆ ಅಂತ ತಿಳಿಯಿರಿ.